ಆಡಿದ ದಿನದ ಹಾಜರಿ ಯಾರ ಲೆಕ್ಕಕ್ಕೆ?

2025ರ ಜನವರಿ 13ರಿಂದ 19ರವರೆಗೆ ದಿಲ್ಲಿಯಲ್ಲಿ ಖೋ ಖೋ ಆಟದ ಮೊಟ್ಟಮೊದಲ ವಿಶ್ವಕಪ್ ನಡೆಯಿತು. ನಮ್ಮ ಶಾಲೆಯ ಬಯಲಿನಲ್ಲಿ ಬರಿಗಾಲಿನ ಹುಡುಗರು ಆಡುವ ಆಟಕ್ಕೆ ಇಪ್ಪತ್ತಕ್ಕೂ ಮಿಕ್ಕಿ ದೇಶಗಳಿಂದ ತಂಡಗಳು ಬಂದಿದ್ದವು. ಅಂತಿಮ ಪಂದ್ಯಗಳೆರಡರಲ್ಲೂ ಭಾರತ ನೇಪಾಳವನ್ನು ಸೋಲಿಸಿತು. ಗಂಡಸರು 54–36, ಹೆಂಗಸರು 78–40. ಈ ಗೆಲುವಿನಲ್ಲಿ ಕರ್ನಾಟಕದ ಪಾಲೂ ಇತ್ತು. ಗಂಡಸರ ತಂಡದಲ್ಲಿ ಎಂ. ಕೆ. ಗೌತಮ್, ಹೆಂಗಸರ ತಂಡದಲ್ಲಿ ಬಿ. ಚೈತ್ರಾ. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ರೈತರ ಮನೆಯ ಮಗಳು. ಅಂತಿಮ ಪಂದ್ಯದ ಉತ್ತಮ ಆಟಗಾರ್ತಿ ಎಂಬ ಮನ್ನಣೆಯೂ ಆಕೆಗೇ ಸಂದಿತು.

ಇವರು ಊರಿಗೆ ಮರಳಿದಾಗ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿಗಳ ಬಹುಮಾನ ಸಾರಿತು. ಇಬ್ಬರೂ ಅದನ್ನು ಒಲ್ಲೆವೆಂದರು. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಗಳನ್ನೂ ಸರ್ಕಾರಿ ಕೆಲಸವನ್ನೂ ಕೊಡುತ್ತಿರುವಾಗ, ಅದೇ ತಂಡದಲ್ಲಿ ಅದೇ ಆಟ ಆಡಿದ ನಮಗೇಕೆ ಈ ಭೇದ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಕೇಳಿದ ಕೂಡಲೇ ಬುದ್ಧಿ ಹೇಳುವವರು ಹುಟ್ಟಿಕೊಂಡರು. ದೇಶಕ್ಕಾಗಿ ಆಡಿದವರು ಹಣದ ಮಾತೆತ್ತಬಹುದೇ, ಹಳ್ಳಿಯವರಿಗೆ 5 ಲಕ್ಷ ಕಡಿಮೆಯಾಯಿತೇ, ಇದು ದುರಾಸೆಯಲ್ಲವೇ ಎಂದು ಹೋಟೆಲಿನ ಬೆಂಚಿನ ಮೇಲೆ ಕುಳಿತು ತೀರ್ಪು ಕೊಟ್ಟವರಿಗೆ ಲೆಕ್ಕವಿಲ್ಲ.

ಈ ತೀರ್ಪು ಹೊಸದಲ್ಲ. ಇದಕ್ಕೆ ನೂರಮೂವತ್ತು ವರ್ಷ ವಯಸ್ಸಾಗಿದೆ. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಲಂಡನಿನ ದೊರೆಗಳು. ಹೇಳಿಸಿಕೊಂಡವರು ಗಿರಣಿಯ ಕೆಲಸಗಾರರು. ಆ ಕಥೆ ಈ ಪತ್ರಿಕೆಯ ಓದುಗರಿಗೆ ತಿಳಿದಿರಬೇಕಾದದ್ದು.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಷೈರ್, ಲ್ಯಾಂಕಷೈರ್ ಎಂಬ ಎರಡು ಸೀಮೆಗಳಿವೆ. ಉಣ್ಣೆ ಮತ್ತು ಹತ್ತಿಯ ಗಿರಣಿಗಳು, ಕಲ್ಲಿದ್ದಲ ಗಣಿಗಳು ತುಂಬಿದ್ದ ಪ್ರದೇಶ. 1850ರ ಕಾರ್ಖಾನೆ ಕಾಯಿದೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಹೆಂಗಸರ ಮತ್ತು ಹದಿಹರೆಯದವರ ಕೆಲಸ ನಿಲ್ಲಬೇಕೆಂದು ವಿಧಿಸಿತು. ಅವರು ಎದ್ದುಹೋದ ಮೇಲೆ ಯಂತ್ರ ನಡೆಯದಾದ್ದರಿಂದ ಗಂಡಸರಿಗೂ ಬಿಡುವು ಸಿಕ್ಕಿತು. ಹೋರಾಡಿ ಪಡೆದ ಆ ಅರ್ಧ ದಿನದಲ್ಲಿ ಗಿರಣಿ ಊರುಗಳ ಜನ ಆಟ ಕಲಿತರು. ಶ್ರೀಮಂತರ ಶಾಲೆಗಳಲ್ಲಿ ಹುಟ್ಟಿದ ರಗ್ಬಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಹೀಗೆ ಗಣಿಯವನ ಆಟವಾಯಿತು. ದಿನವಿಡೀ ಭಾರ ಹೊತ್ತ ಹೆಗಲು ದೊರೆಮಕ್ಕಳ ಹೆಗಲಿಗಿಂತ ಗಟ್ಟಿ ಎಂಬುದು ಬೇಗನೆ ರುಜುವಾತಾಯಿತು. ಅಲ್ಲಿಂದ ಶುರುವಾಯಿತು ತಕರಾರು.

ಪಂದ್ಯ ದೂರದ ಊರಿನಲ್ಲಿದ್ದರೆ ಶನಿವಾರ ಬೆಳಗಿನ ಪಾಳಿಯನ್ನು ಬಿಟ್ಟು ರೈಲು ಹತ್ತಬೇಕು. ವಕೀಲನ ಮಗ ಹತ್ತಬಲ್ಲ. ಗಣಿ ಕೆಲಸಗಾರ ಹತ್ತಿದರೆ ಆ ದಿನದ ಕೂಲಿ ಹೋಯಿತು. ಆದ್ದರಿಂದ ಉತ್ತರದ ತಂಡಗಳು ಒಂದು ಸಣ್ಣ ಬೇಡಿಕೆ ಇಟ್ಟವು: ಆಟಗಾರನಿಗೆ ಸಂಬಳ ಬೇಡ, ಬಹುಮಾನ ಬೇಡ; ಆಡಲು ಹೋಗಿ ಕಳೆದುಕೊಂಡ ಕೂಲಿಯನ್ನು ಮಾತ್ರ ತುಂಬಿಕೊಡಿ. ಅದನ್ನು ಅವರು ‘ಬ್ರೋಕನ್ ಟೈಮ್’ ಎಂದು ಕರೆದರು, ಮುರಿದುಹೋದ ಹೊತ್ತಿನ ಹಣ. 1893ರಲ್ಲಿ ಲಂಡನಿನಲ್ಲಿ ಸೇರಿದ ರಗ್ಬಿ ಯೂನಿಯನ್ನಿನ ಮಹಾಸಭೆ 282–136 ಮತಗಳಿಂದ ಇದನ್ನು ತಳ್ಳಿಹಾಕಿತು. ಆಟವೆಂದರೆ ಸಂತೋಷಕ್ಕಾಗಿ ಆಡುವಂಥದು, ಆಡಲು ಅನುಕೂಲವಿಲ್ಲದವನು ಆಡದಿದ್ದರಾಯಿತು, ಎಂಬುದು ಅಲ್ಲಿಯ ದೊರೆಗಳ ವಾದ. ಕೇಳಲು ಎಷ್ಟು ಶುದ್ಧವಾಗಿದೆ ನೋಡಿ!

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಗಿರಣಿ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ತಂಡಗಳ ಪ್ರತಿನಿಧಿಗಳು ಸೇರಿ ಲಂಡನಿನ ಸಂಗ ತೊರೆದರು. ದಿನಕ್ಕೆ 6 ಷಿಲಿಂಗುಗಳನ್ನು ಮೀರದಂತೆ ಹೋದ ಕೂಲಿ ಕೊಡುವುದೆಂದು ಗೊತ್ತುಮಾಡಿದರು. ಇಂದು ‘ರಗ್ಬಿ ಲೀಗ್’ ಎಂದು ಹೆಸರಾಗಿರುವ ಆಟ ಹುಟ್ಟಿದ್ದು ಹೀಗೆ. ನಿಯಮ ಬದಲಾಯಿತು, ಹದಿನೈದು ಮಂದಿಯ ತಂಡ 1906ರಲ್ಲಿ ಹದಿಮೂರು ಮಂದಿಯದಾಯಿತು. ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುವುದು, ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸರಿಸಿ ಆಟ ಮುಂದುವರಿಸುವುದು, ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಕಬಡ್ಡಿ ಬಲ್ಲ ನಮ್ಮವರಿಗೆ ಅರ್ಧ ಗಂಟೆ ನೋಡಿದರೆ ಅರ್ಥವಾಗುವ ಆಟ. ಲಂಡನಿನವರು ಸುಮ್ಮನಿರಲಿಲ್ಲ. ಇವರೊಡನೆ ಒಂದು ಪಂದ್ಯ ಆಡಿದವನಿಗೂ ಆಜೀವ ಬಹಿಷ್ಕಾರ ಹಾಕಿದರು. ತಮಾಷೆಯೆಂದರೆ, ಅದೇ ಮಡಿವಂತರು 1995ರ ಆಗಸ್ಟಿನಲ್ಲಿ, ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ತಮ್ಮ ಆಟಗಾರರಿಗೂ ಸಂಬಳ ಕೊಡಬಹುದೆಂದು ಒಪ್ಪಿದರು. ಆ ಹೊತ್ತಿಗೆ ಟೆಲಿವಿಷನ್ನಿನ ಹಣ ಬಂದಿತ್ತು. ಧರ್ಮಸೂಕ್ಷ್ಮ ಕರಗಿತ್ತು.

ಈ ಕಿಚ್ಚು ಸಮುದ್ರ ದಾಟಿತು. ಸಿಡ್ನಿಯಲ್ಲಿ ಅಲೆಕ್ಸ್ ಬರ್ಡನ್ ಎಂಬ ಕ್ಷೌರಿಕ 1907ರಲ್ಲಿ ಆಡುವಾಗ ಗಾಯಗೊಂಡು ಕತ್ತರಿ ಹಿಡಿಯಲಾರದೆ ಮನೆಯಲ್ಲಿ ಕುಳಿತಾಗ ಅಲ್ಲಿಯ ರಗ್ಬಿ ಸಂಘ ಅವನಿಗೆ ಬಿಡಿಗಾಸು ಪರಿಹಾರ ಕೊಡಲಿಲ್ಲ. ಅದರಿಂದ ಕೆರಳಿದವರು ಅದೇ ವರ್ಷ ಬೇರೆ ಲೀಗ್ ಕಟ್ಟಿದರು. ಪ್ರಸಿದ್ಧ ಕ್ರಿಕೆಟಿಗ ವಿಕ್ಟರ್ ಟ್ರಂಪರ್ ಅವರ ಬೆನ್ನಿಗೆ ನಿಂತ. ಹೆನ್ರಿ ಹಾಯ್ಲ್ ಎಂಬ ರೈಲ್ವೆ ಕಾರ್ಮಿಕ ನಾಯಕ ಮೊದಲನೆಯ ಅಧ್ಯಕ್ಷನಾದ. ನಮ್ಮ ಸಣ್ಣ ಅಂಗಡಿಕಾರರು ಇದನ್ನು ಗಮನಿಸಬೇಕು. ಕೂಲಿಯವನಿಗೆ ಹೋದದ್ದು ಹಾಜರಿಯಾದರೆ, ಕ್ಷೌರಿಕನಿಗೆ, ದರ್ಜಿಗೆ, ಬೀಡಾ ಅಂಗಡಿಯವನಿಗೆ ಹೋದದ್ದು ಮುಚ್ಚಿದ ಬಾಗಿಲಿನ ದಿನದ ವ್ಯಾಪಾರ. ಎರಡೂ ಒಂದೇ ಜಾತಿಯ ನಷ್ಟ.

ಫ್ರಾನ್ಸಿನಲ್ಲಿ ನಡೆದದ್ದು ಇನ್ನೂ ಘೋರ. ಹಿಟ್ಲರನ ಮುಂದೆ ಮಂಡಿಯೂರಿದ ವಿಷಿ ಸರ್ಕಾರ 1941ರ ಡಿಸೆಂಬರಿನಲ್ಲಿ ಅಲ್ಲಿಯ ರಗ್ಬಿ ಲೀಗನ್ನು ನಿಷೇಧಿಸಿ ಅದರ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿತು. ಸಂಬಳ ಪಡೆದು ಆಡುವುದು ರಾಷ್ಟ್ರದ ನೀತಿಗೆ ಕೇಡೆಂಬುದು ನೆಪ. ಯುದ್ಧ ಮುಗಿದು ಆಟ ಮತ್ತೆ ತಲೆಯೆತ್ತಿತಾದರೂ ‘ರಗ್ಬಿ’ ಎಂಬ ಹೆಸರನ್ನು ಬಳಸಲು ಬಹುಕಾಲ ಬಿಡಲಿಲ್ಲ. ‘ಹದಿಮೂರರ ಆಟ’ ಎಂದು ಕರೆದುಕೊಂಡು ಆಡಿದರು. ನಾಜಿಗಳ ವಿರುದ್ಧ ಗುಪ್ತವಾಗಿ ಹೋರಾಡಿದ್ದ ಪಾಲ್ ಬಾರಿಯೇರ್ ಎಂಬಾತ ಈ ಸಂಘದ ಅಧ್ಯಕ್ಷನಾಗಿ, ರಾಷ್ಟ್ರ ತಂಡಗಳ ನಡುವೆ ವಿಶ್ವಕಪ್ ನಡೆಸೋಣ ಎಂದು ಹಟ ಹಿಡಿದ. ಹೀಗೆ 1954ರಲ್ಲಿ ಫ್ರಾನ್ಸಿನಲ್ಲಿ ನಾಲ್ಕು ದೇಶಗಳ ಮೊದಲ ರಗ್ಬಿ ಲೀಗ್ ವಿಶ್ವಕಪ್ ನಡೆಯಿತು. ಬ್ರಿಟನ್ ಪ್ಯಾರಿಸಿನಲ್ಲಿ ಫ್ರಾನ್ಸನ್ನು 16–12ರಿಂದ ಸೋಲಿಸಿತು. ಜೊತೆಯ ಆಟವಾದ ರಗ್ಬಿ ಯೂನಿಯನ್ನಿನ ವಿಶ್ವಕಪ್ ಬಂದದ್ದು 1987ರಲ್ಲಿ. ದೊರೆಗಳ ಆಟಕ್ಕಿಂತ ಗಿರಣಿಯವರ ಆಟ ಮೂವತ್ತಮೂರು ವರ್ಷ ಮುಂದಿತ್ತು. 1972ರಲ್ಲಿ ಅದೇ ಕಪ್ಪನ್ನು ಗೆದ್ದ ಬ್ರಿಟನ್ ತಂಡದ ನಾಯಕ ಕ್ಲೈವ್ ಸಲಿವನ್ ಕರಿಯ ಜನಾಂಗದವನು. ಯಾವ ಆಟದಲ್ಲೇ ಆಗಲಿ ಬ್ರಿಟನ್ನಿನ ರಾಷ್ಟ್ರ ತಂಡಕ್ಕೆ ಕರಿಯನೊಬ್ಬ ನಾಯಕನಾದದ್ದು ಅದೇ ಮೊದಲು.

ಇದನ್ನೆಲ್ಲ ಹೊಗಳಿ ಅಟ್ಟಕ್ಕೇರಿಸುವುದು ನಮ್ಮ ಉದ್ದೇಶವಲ್ಲ. ಗಿರಣಿಯವರು ಕಟ್ಟಿದ ಆಟವನ್ನೂ ಬಂಡವಳಗಾರ ಬಿಡಲಿಲ್ಲ. 1995ರಲ್ಲಿ ಪತ್ರಿಕಾ ದೊರೆ ರೂಪರ್ಟ್ ಮರ್ಡಾಕನ ಕಂಪನಿ 8.7 ಕೋಟಿ ಪೌಂಡು ಸುರಿದು ಇಂಗ್ಲೆಂಡಿನ ಲೀಗನ್ನು ಕೊಂಡಿತು. ನೂರು ವರ್ಷ ಚಳಿಗಾಲದಲ್ಲಿ ಆಡಿದ ಆಟವನ್ನು ಮರುವರ್ಷವೇ ಬೇಸಿಗೆಗೆ ಹೊರಳಿಸಿದರು. 2025ರ ವಿಶ್ವಕಪ್ಪನ್ನು ನಡೆಸಬೇಕಾಗಿದ್ದ ಫ್ರಾನ್ಸ್, ಸರ್ಕಾರದ ಹಣದ ಖಾತರಿ ಸಿಗದೆ 2023ರ ಮೇ ತಿಂಗಳಲ್ಲಿ ಕೈಚೆಲ್ಲಿತು. 2026ರಲ್ಲಿ ನಡೆಸುವುದೆಂದು ಅದನ್ನು ಆಸ್ಟ್ರೇಲಿಯಕ್ಕೆ ವಹಿಸಲಾಯಿತು. ವಿಶ್ವಕಪ್ಪನ್ನು ಹುಟ್ಟಿಸಿದ ದೇಶಕ್ಕೇ ಅದನ್ನು ನಡೆಸಲಾಗಲಿಲ್ಲ.

ಆದರೂ ಹಳೆಯ ಬೇರು ಸತ್ತಿಲ್ಲ ಎಂಬುದಕ್ಕೆ 2022ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಸಾಕ್ಷಿ. ಗಂಡಸರು, ಹೆಂಗಸರು, ಗಾಲಿಕುರ್ಚಿಯ ಆಟಗಾರರು, ಮೂರು ಪಂದ್ಯಾವಳಿಗಳನ್ನೂ ಒಟ್ಟಿಗೆ ನಡೆಸಿ ಮೂವರಿಗೂ ಸಮನಾದ ಭತ್ಯೆ ಗೊತ್ತುಮಾಡಿದರು. ಅಲ್ಲಿ ಸಮೋವ ಎಂಬ ಪುಟ್ಟ ದ್ವೀಪದ ತಂಡ ಮೊದಲ ಪಂದ್ಯದಲ್ಲಿ ಇಂಗ್ಲೆಂಡಿನ ಕೈಯಲ್ಲಿ 60–6ರಿಂದ ಚಚ್ಚಿಸಿಕೊಂಡಿತು. ನಾಲ್ಕು ವಾರ ಕಳೆಯುವಷ್ಟರಲ್ಲಿ ಸೆಮಿಫೈನಲ್ಲಿನಲ್ಲಿ ಅದೇ ಇಂಗ್ಲೆಂಡನ್ನು 27–26ರಿಂದ ಮನೆಗೆ ಕಳಿಸಿತು. ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯ 30–10ರಿಂದ ಗೆದ್ದಿತೆಂಬುದು ನಿಜ. ಆದರೆ ಆ ತಂಡದ ಹುಡುಗರಲ್ಲಿ ಬಹುಪಾಲು, ಹೊಟ್ಟೆಪಾಡಿಗಾಗಿ ನ್ಯೂಜಿಲೆಂಡಿಗೂ ಆಸ್ಟ್ರೇಲಿಯಕ್ಕೂ ಗುಳೆ ಹೋದ ಮನೆತನಗಳಲ್ಲಿ ಬೆಳೆದವರು.

ನಮ್ಮ ಸಕಲೇಶಪುರ ಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ಪಾಪುವ ನ್ಯೂಗಿನಿ. ಅಲ್ಲಿಯ ಒಳನಾಡಿನ ಬೆಟ್ಟಗಳಲ್ಲಿ, ಗೊರೋಕ, ಮೌಂಟ್ ಹೇಗನ್ ಎಂಬ ಕಡೆಗಳಲ್ಲಿ, ಜನ ಬದುಕುವುದು ಕಾಫಿಯಿಂದ. ಅವರ ರಾಷ್ಟ್ರೀಯ ಆಟ ರಗ್ಬಿ ಲೀಗ್. ಕಾಫಿ ಬೆಟ್ಟದ ಊರುಗಳಿಗೇ ತಂಡಗಳಿವೆ. ರಾಷ್ಟ್ರ ತಂಡ 2022ರ ವಿಶ್ವಕಪ್ಪಿನಲ್ಲಿ ಕೊನೆಯ ಎಂಟರ ತನಕ ಬಂತು. 2024ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯ ಸರ್ಕಾರ ಆ ದೇಶದ ತಂಡವೊಂದನ್ನು ತನ್ನ ಲೀಗಿಗೆ ಸೇರಿಸಿಕೊಳ್ಳಲು ಹತ್ತು ವರ್ಷಕ್ಕೆ 60 ಕೋಟಿ ಡಾಲರು ಕೊಡುತ್ತೇನೆಂದಿತು. ಚೀನಾ ಅಲ್ಲಿ ಕಾಲಿಡದಿರಲಿ ಎಂಬ ಲೆಕ್ಕಾಚಾರ ಅದರ ಹಿಂದಿದೆ ಎಂದು ಎಲ್ಲರೂ ಬಲ್ಲರು. ದೊಡ್ಡವರ ಚದುರಂಗ ಏನಾದರೂ ಆಗಲಿ, ಕಾಫಿ ಬೆಟ್ಟದ ಹುಡುಗ ರಾಷ್ಟ್ರ ತಂಡದಲ್ಲಿ ಆಡುತ್ತಾನೆ ಎಂಬುದು ಅಲ್ಲಿ ಸಹಜ ಸಂಗತಿ.

ಇಲ್ಲಿಯ ಕಾಫಿ ಬೆಟ್ಟದಲ್ಲಿ? ಹಾನುಬಾಳು, ಯಸಳೂರು, ಹೆತ್ತೂರು, ಇತ್ತ ಆಲೂರಿನ ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆ. ಈ ಊರುಗಳ ಲೈನುಗಳಲ್ಲಿ ಬೆಳೆಯುತ್ತಿರುವ ಹುಡುಗ ಹುಡುಗಿಯರಿಗೆ ಕಾಲಿನ ಚುರುಕು ಕಡಿಮೆಯಿಲ್ಲ. ಇಳಿಜಾರಿನಲ್ಲಿ ಮೂಟೆ ಹೊತ್ತು ಇಳಿಯುವವನಿಗೆ ಕಬಡ್ಡಿಯ ಅಂಗಳ ಯಾವ ಲೆಕ್ಕ! ಆದರೆ ಕಾಲವನ್ನು ನೋಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ, ಬಯಲೆಲ್ಲ ಕೆಸರು. ಆಡಲು ನೆಲ ಒಣಗುವ ಹೊತ್ತಿಗೆ ಕಾಫಿ ಹಣ್ಣಾಗುತ್ತದೆ. ಅರಾಬಿಕ ಮುಗಿಯುವಷ್ಟರಲ್ಲಿ ರೊಬಸ್ಟ. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದ ಕೂಲಿ, ಕೈ ಓಡಿದಷ್ಟು ಕಾಸು. ವರ್ಷದ ಸಾಲ ತೀರುವುದೇ ಆ ಮೂರು ತಿಂಗಳಲ್ಲಿ. ಹಾಸನದ ಕ್ಯೂರಿಂಗ್ ವರ್ಕ್ಸುಗಳಲ್ಲಿ ಬೀಜ ಆರಿಸುವ ಹೆಂಗಸರಿಗೂ ಕೈತುಂಬ ಕೆಲಸ ಬರುವುದು ಆ ಕೊಯ್ಲಿನ ಬೆನ್ನಿಗೇ. ಖೋ ಖೋ ವಿಶ್ವಕಪ್ ನಡೆದದ್ದು ಯಾವ ತಿಂಗಳಲ್ಲಿ? ಜನವರಿಯಲ್ಲಿ. ತೋಟದ ಹುಡುಗಿಯೊಬ್ಬಳು ಒಂದು ತಿಂಗಳ ತರಬೇತಿ ಶಿಬಿರಕ್ಕೆ ಆಯ್ಕೆಯಾದಳೆಂದೇ ಇಟ್ಟುಕೊಳ್ಳಿ. ಮನೆಯವರು ಸಂತೋಷಪಡಬೇಕೋ, ಹೋದ ಕೂಲಿಯ ಲೆಕ್ಕ ಹಾಕಬೇಕೋ? ಸಂಜೆ ಕೆಲಸ ಬಿಟ್ಟ ಮೇಲೆ ಆಡಲಿ ಎನ್ನುವವರು ಕತ್ತಲಾದ ಮೇಲೆ ಆಲೂರು ಸಕಲೇಶಪುರದ ತೋಟದ ದಾರಿಯಲ್ಲಿ ಒಂದು ಮೈಲಿ ನಡೆದು ಬರಲಿ. ಕಾಡಾನೆಗೆ ಆಟದ ನಿಯಮ ಗೊತ್ತಿಲ್ಲ.

ಕಾಯಿದೆ ಇರಲಿಲ್ಲವೇ? ಇತ್ತು. 1951ರ ತೋಟ ಕಾರ್ಮಿಕರ ಕಾಯಿದೆಯ 13ನೆಯ ಸೆಕ್ಷನ್ನು, ಕಾರ್ಮಿಕರಿಗೆ ಮನರಂಜನೆಯ ಸೌಕರ್ಯವನ್ನು ಮಾಲೀಕರು ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ಪಕ್ಕಕ್ಕೆ ಸರಿಯಿತು. ಹೊಸ ಸಂಹಿತೆಯಲ್ಲೂ ಮನರಂಜನೆ ಎಂಬ ಪದವನ್ನು ಉಳಿಸಿದ್ದಾರೆ. ಪದ ಉಳಿಸುವುದಕ್ಕೆ ಖರ್ಚಿಲ್ಲ. ಬಿಳಿಯ ಪ್ಲಾಂಟರುಗಳು ಇಲ್ಲಿಗೆ ಬಂದಾಗ ಮೊದಲು ಕಟ್ಟಿಕೊಂಡವುಗಳಲ್ಲಿ ತಮ್ಮ ಕ್ಲಬ್ಬೂ ಒಂದು. ಆಟ ಮನುಷ್ಯನಿಗೆ ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಲೈನಿನಲ್ಲಿರುವವನೂ ಮನುಷ್ಯನೆಂಬುದೊಂದು ಅವರ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಇನ್ನೊಂದು ಪಕ್ಷಪಾತವನ್ನೂ ಹೇಳಬೇಕು. ಕೇಂದ್ರ ಸರ್ಕಾರದ ನೌಕರ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪಂದ್ಯಕ್ಕೆ ಹೋದರೆ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಉಂಟು, ಸಂಬಳ ಕಡಿತವಿಲ್ಲ. ರೈಲ್ವೆಯವರು, ಪೊಲೀಸರು ಆಟಗಾರರಿಗೆ ಕೆಲಸವನ್ನೇ ಕೊಡುತ್ತಾರೆ. ಕಾರ್ಕಳದ ಹೆರ್ಮುಂಡೆಯ ಬೇಸಾಯಗಾರರ ಮಗಳು ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿಯಾದರು. ಅವರನ್ನು ನಿಲ್ಲಿಸಿದ್ದು ದಕ್ಷಿಣ ಮಧ್ಯ ರೈಲ್ವೆಯ ಕೆಲಸ. ಇದು ಒಳ್ಳೆಯದೇ, ಯಾರೂ ಅಲ್ಲಗಳೆಯರು. ನೋಡಿದರೆ ಇದೂ ಹಡರ್ಸ್‌ಫೀಲ್ಡಿನ ಆ ಮುರಿದ ಹೊತ್ತಿನ ಹಣವೇ ಅಲ್ಲವೇ? ಸರ್ಕಾರಿ ನೌಕರನಿಗೆ ಸಹಜವೆನಿಸುವ ಈ ಹಕ್ಕು ತೋಟದ ಕೂಲಿಗೆ, ಮಿಲ್ಲಿನ ದಿನಗೂಲಿಗೆ, ಅಂಗಡಿಯ ಆಳಿಗೆ ಏಕೆ ದುಬಾರಿಯಾಗಬೇಕು?

ಸರ್ಕಾರದ ಬಳಿ ಹಣವಿಲ್ಲ ಎಂಬ ಮಾತನ್ನು ನಾವು ನಂಬುವುದಿಲ್ಲ. ಖೋ ಖೋ ಆಟಗಾರರು 5 ಲಕ್ಷವನ್ನು ಹಿಂತಿರುಗಿಸಿ ಐದು ತಿಂಗಳು ತುಂಬುವ ಮೊದಲೇ, 2025ರ ಜೂನ್ 4ರಂದು, ಕಂಪನಿಯೊಂದರ ಒಡೆತನದ ಕ್ರಿಕೆಟ್ ತಂಡವನ್ನು ವಿಧಾನಸೌಧದ ಮೆಟ್ಟಿಲ ಮೇಲೆ ನಿಲ್ಲಿಸಿ ಸನ್ಮಾನಿಸಿದರು. ಅದೇ ಹೊತ್ತಿನಲ್ಲಿ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಆ ದಿನದ ಅವಸರ, ಆ ದಿನದ ಉತ್ಸಾಹ, ಕುರುಬೂರಿನ ಹುಡುಗಿಗೆ ಒದಗಲಿಲ್ಲ.

ಆದರೆ ಚೈತ್ರಾ ಮತ್ತು ಗೌತಮ್ ಪರವಾಗಿ ನಿಲ್ಲುವಾಗಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. 5 ಲಕ್ಷ 2 ಕೋಟಿಯಾದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಬಹುಮಾನವೆಂಬುದು ಗೆದ್ದ ಮೇಲೆ ಬರುವಂಥದು, ಸಾವಿರದಲ್ಲಿ ಒಬ್ಬರಿಗೆ ಬರುವಂಥದು, ಮಂತ್ರಿಗಳ ಕೈಯಿಂದ ಫೋಟೋದೊಡನೆ ಬರುವಂಥದು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿ ಮಂಡಲದ ತಂಡ, ತಾಲ್ಲೂಕಿನ ತಂಡ, ಜಿಲ್ಲೆಯ ತಂಡ ಎಂದು ಹಾಜರಿ ಕಳೆದುಕೊಂಡು ಕಳೆದುಕೊಂಡು ಒಂದು ದಿನ ಆಟ ಬಿಡುತ್ತಾರೆ. ಹಡರ್ಸ್‌ಫೀಲ್ಡಿನವರು ಬಹುಮಾನ ಕೇಳಲಿಲ್ಲ ಎಂಬುದನ್ನು ನೆನಪಿಡಬೇಕು. ಅವರು ಕೇಳಿದ್ದು ಕೂಲಿ. ಬಹುಮಾನ ದೊರೆಯ ದಯೆ, ಕೂಲಿ ಹಕ್ಕು.

ಆದ್ದರಿಂದ ತೋಟ ಕಾರ್ಮಿಕರ ಸಂಘಗಳು ಮುಂದಿನ ಕೂಲಿ ಒಪ್ಪಂದಕ್ಕೆ ಕುಳಿತಾಗ ಬೇಡಿಕೆಯ ಪಟ್ಟಿಯಲ್ಲಿ ಒಂದು ಸಾಲು ಸೇರಿಸಬೇಕೆಂದು ನಮ್ಮ ಸಲಹೆ: ತಾಲ್ಲೂಕು ಮಟ್ಟಕ್ಕೂ ಅದರಿಂದ ಮೇಲಕ್ಕೂ ಆಯ್ಕೆಯಾದ ಕಾರ್ಮಿಕನಿಗೆ ಅಥವಾ ಕಾರ್ಮಿಕಳಿಗೆ ಆಡಿದ ದಿನಗಳಿಗೂ ಶಿಬಿರದ ದಿನಗಳಿಗೂ ಹಾಜರಿ, ಕೊಯ್ಲಿನ ಕಾಲವಾದರೆ ಆ ಗುಂಪಿನ ಸರಾಸರಿ ಕೂಲಿ. ವರ್ಷಕ್ಕೆ ಒಂದು ತೋಟದಿಂದ ಎಷ್ಟು ಮಂದಿ ಆಯ್ಕೆಯಾದಾರು? ಒಬ್ಬರೋ ಇಬ್ಬರೋ. ಮಾಲೀಕರು ಮುಳುಗಿಹೋಗುವುದಿಲ್ಲ. ಸಣ್ಣ ಬೆಳೆಗಾರನಿಗೆ ಇದು ಹೊರೆಯಾಗುವುದಾದರೆ ಆ ಭಾಗವನ್ನು ಸರ್ಕಾರದ ಕ್ರೀಡಾ ಇಲಾಖೆ ಹೊರಲಿ. ಅಸ್ಸಾಮಿನಿಂದ ಬಂದು ಲೈನಿನಲ್ಲಿರುವವರನ್ನು ಇದರಿಂದ ಹೊರಗಿಡಕೂಡದು. ಚೆಂಡು ಹಿಡಿಯುವ ಕೈಗೆ ಜಿಲ್ಲೆ ಯಾವುದೆಂದು ಕೇಳುವುದು ಸಲ್ಲದು.

ಪೇಟೆಯ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯೆಂದು ನಿಮ್ಮ ಅಂಗಡಿಗೆ ಚಂದಾ ಕೇಳಲು ಬರುತ್ತಾರೆ, ನೀವೂ ಗೊಣಗುತ್ತಲೇ ಕೊಡುತ್ತೀರಿ. ಆ ಹಣ ಹೋಗುವುದೆಲ್ಲಿಗೆ? ನಾಯಕರ ಮುಖಗಳ ಫ್ಲೆಕ್ಸು, ಶಾಮಿಯಾನ, ಧ್ವನಿವರ್ಧಕ, ಮನೆಯ ಬಾಗಿಲಲ್ಲಿ ಹಿಡಿಸದಷ್ಟು ಎತ್ತರದ ಟ್ರೋಫಿ. ಆಡಿದ ಹುಡುಗರು ಬೆಳಗಿನ ಜಾವ ಒಂದು ಪೊಟ್ಟಣ ಚಿತ್ರಾನ್ನ ತಿಂದು, ಆ ದಿನದ ಕೆಲಸವನ್ನೂ ಬಿಟ್ಟು, ಗಾಡಿ ಬಾಡಿಗೆಯನ್ನು ತಾವೇ ಹಂಚಿಕೊಂಡು ಊರಿಗೆ ಹೋಗುತ್ತಾರೆ. ಈ ಸಲ ಚಂದಾ ಕೇಳಲು ಬಂದವರಿಗೆ, ಖರ್ಚಿನ ಪಟ್ಟಿಯಲ್ಲಿ ಫ್ಲೆಕ್ಸಿಗಿಂತ ಮೇಲೆ ‘ಆಟಗಾರರ ಹೋದ ಕೂಲಿ’ ಎಂದು ಒಂದು ಬಾಬ್ತು ಬರೆದು ತನ್ನಿ, ಬರೆದು ತಂದರೆ ಇಮ್ಮಡಿ ಕೊಡುತ್ತೇವೆ, ಎಂದು ಹೇಳಿ ನೋಡಿ.